ಬೋರಲಿಂಗನ ತೊಡೆ ಮೈಸೂರು ಸೇರಿದ್ದು

ಕೇಳ್ರಪ್ಪ, ಕೂತ್ಕೊಂಡು ಕೇಳಿ. ತೂಕಡಿಸೋರು ಗೋಡೆಗೆ ಒರಗಿ ತೂಕಡಿಸಿ, ನನ್ನ ಮೇಲೆ ಬೀಳಬೇಡಿ. ಹುಣಸೆಕೊಪ್ಪಲು ಅಂತ ಒಂದು ಊರು. ಆ ಊರಲ್ಲಿ ಹೊಂಬಾಳಮ್ಮ ಅಂತ ಒಬ್ಬ ತಾಯಿ, ಗಂಡನ್ನ ಕಳ್ಕೊಂಡೋಳು. ಅವಳಿಗೆ ಇಬ್ಬರು ಮಕ್ಕಳು. ದೊಡ್ಡೋಳು ಚೆಲುವಾಜಿ, ಅವಳನ್ನ ಮೈಸೂರಿಗೆ ಕೊಟ್ಟಿತ್ತು. ಚಿಕ್ಕೋನು ಬೋರಲಿಂಗ, ಅವನನ್ನ ಯಾರಿಗೂ ಕೊಡೋಕಾಗದೆ ಮನೇಲೇ ಇಟ್ಕೊಂಡಿದ್ಲು.

ಬೋರಲಿಂಗ ಕೆಟ್ಟೋನಲ್ಲ. ಸೋಮಾರಿಯೂ ಅಲ್ಲ. ಹೇಳಿದ ಮಾತನ್ನ ಒಂದು ಕೂದಲೆಳೆ ಆಚೆ ಈಚೆ ಮಾಡೋನಲ್ಲ. ಬಂದದ್ದೇ ಅಲ್ಲಿ ಕಷ್ಟ. ಹಾಲು ಉಕ್ಕೋದನ್ನ ನೋಡ್ತಿರೋ ಅಂತ ಅವ್ವ ಹೇಳಿ ಹೋದ್ರೆ, ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ತಳ ಕಾಣೋವರೆಗೂ ಕಣ್ಣು ಮಿಟುಕಿಸದೆ ನೋಡ್ತಿದ್ದ. ಬಾಗಿಲು ಕಾಯೋ ಅಂದ್ರೆ ಹಿತ್ತಲ ಕಡೆಯಿಂದ ಎಮ್ಮೆ ನುಗ್ಗಿ ಬಾಳೆಗಿಡ ಮೇಯ್ದ್ರೂ ಇವನು ಬಾಗಿಲನ್ನೇ ಕಾಯ್ತಿದ್ದ. ಹೊಂಬಾಳಮ್ಮ ಹಣೆ ಚಚ್ಚಿಕೊಂಡು ಚಚ್ಚಿಕೊಂಡು ಕುಂಕುಮ ಇಡೋ ಜಾಗ ಸವೆದೇ ಹೋಗಿತ್ತು ಅಂತ ಊರೋರು ಹೇಳ್ತಾರೆ. ಆಕೆ ಕುಂಕುಮ ಇಡೋದನ್ನ ಬಿಟ್ಟು ಎಷ್ಟೋ ವರ್ಷ ಆಗಿತ್ತು ಅನ್ನೋದು ಬೇರೆ ಮಾತು. ಊರೋರ ಬಾಯಿ ನಿಮಗೆ ಗೊತ್ತಲ್ಲ.

ಹಿಂಗಿರುವಾಗ ಒಂದು ದಿನ ಮೈಸೂರಿಂದ ಚೆಲುವಾಜಿ ಫೋನು ಮಾಡಿದ್ಲು. ಅವಳ ಮಗೂಗೆ ಹನ್ನೊಂದು ತಿಂಗಳು, ಕಿವಿ ಚುಚ್ಚಬೇಕು. ನಮ್ಮ ಕಡೆ ಪದ್ಧತಿ ಗೊತ್ತಲ್ಲ, ಹೆಣ್ಣಾಗಲಿ ಗಂಡಾಗಲಿ, ಮಗೂನ ಸೋದರಮಾವನ ತೊಡೆ ಮೇಲೆ ಕೂರಿಸಿಕೊಂಡೇ ಕಿವಿ ಚುಚ್ಚಬೇಕು. ಸೋದರಮಾವ ಅಂತ ಇದ್ದೋನು ಬೋರಲಿಂಗ ಒಬ್ಬನೇ. ಚೆಲುವಾಜಿ ಅತ್ತೆ ದುಂಡಮ್ಮ ಬಲು ಬಾಯಿ ಜೋರು. ಮದುವೆ ಆದಾಗಿಂದ ನಿಮ್ಮ ತವರಲ್ಲಿ ಯಾರಿದ್ದಾರೆ, ಒಂದು ಮುದುಕಿ, ಒಂದು ಪೆದ್ದು ಅಂತ ಚುಚ್ಚಿ ಚುಚ್ಚಿ ಮಾತಾಡೋಳು. ಈಗ ಒಂದೇ ಮಾತು ಹೇಳಿಬಿಟ್ಟಿದ್ಲು. ನಾಳೆ ಮಧ್ಯಾಹ್ನ ಹನ್ನೆರಡು ಗಂಟೆ ಒಳಗೆ ನಿನ್ನ ತಮ್ಮ ಬಂದ್ರೆ ಸರಿ. ಬರಲಿಲ್ಲ ಅಂದ್ರೆ ನನ್ನ ತಮ್ಮ ಮರಿಚನ್ನಯ್ಯನ ತೊಡೆ ಮೇಲೆ ಕೂರಿಸಿ ಚುಚ್ಚಿಸ್ತೀನಿ, ಇನ್ನು ಮೇಲೆ ನೀನು ತವರಿನ ಹೆಸರು ಎತ್ತಂಗಿಲ್ಲ.

ಫೋನಲ್ಲಿ ಚೆಲುವಾಜಿ ಅಳ್ತಿದ್ಲು. ಹೊಂಬಾಳಮ್ಮನೂ ಅತ್ತಳು. ಅವಳೇ ಕರ್ಕೊಂಡು ಹೋಗೋಣ ಅಂದ್ರೆ ಕೊಳಾಯಿ ಹತ್ರ ಜಾರಿ ಬಿದ್ದು ಕಾಲು ಬಾತಿತ್ತು, ನೆಲಕ್ಕೆ ಊರೋಕಾಗ್ತಿರಲಿಲ್ಲ. ಕೊನೆಗೆ ಅವಳೇ ಸಮಾಧಾನ ಮಾಡ್ಕೊಂಡು ಅಂದ್ಲು, "ಇರಲಿ ಬಿಡವ್ವ. ಇದಕ್ಕೆ ಬುದ್ಧಿ ಏನೂ ಬೇಕಾಗಿಲ್ಲ, ತೊಡೆ ಇದ್ರೆ ಸಾಕು. ತೊಡೆ ಅವನಿಗೆ ದೇವರು ಚೆನ್ನಾಗೇ ಕೊಟ್ಟವನೆ. ಕಳಿಸ್ತೀನಿ."

ಬೆಳಗ್ಗೆ ಎದ್ದು ಮಗನಿಗೆ ಎರೆದು, ಹೊಸ ಪಂಚೆ ಉಡಿಸಿ, ಹೆಗಲಿಗೆ ಕೆಂಪು ಟವಲ್ ಹಾಕಿ, ಕೈಗೆ ತಂಬಿಟ್ಟಿನ ಡಬ್ಬ ಕೊಟ್ಟು, ಬಸ್ಸಿಗೆ ಹತ್ತಿಸಿದ್ಲು. ಓಡೋ ಬಸ್ಸಿಂದ ಇಳೀಬೇಡ ಕಣಪ್ಪ, ಬಸ್ಸು ನಿಂತಾಗ ಇಳಿ ಅಂತ ಹೇಳಿದ್ಲು. ಬೋರಲಿಂಗ ಆಗಲವ್ವ ಅಂದ.

ಬಸ್ಸು ಪಕ್ಕದ ಊರಲ್ಲಿ ನಿಂತಿತು. ಇವನು ಇಳಿದ. ಕಂಡಕ್ಟರು ಕೂಗಿ ಹತ್ತಿಸಿಕೊಂಡ. ರೈಲ್ವೆ ಗೇಟು ಹಾಕಿತ್ತು ಅಂತ ಬಸ್ಸು ನಿಂತಿತು. ಇವನು ಇಳಿದ. ಕಂಡಕ್ಟರು ಕೈ ಹಿಡಿದು ಎಳ್ಕೊಂಡು ಬಂದ. ದಾರಿಗೆ ಕುರಿ ಮಂದೆ ಅಡ್ಡ ಬಂತು ಅಂತ ಡ್ರೈವರು ಬ್ರೇಕು ಹಾಕಿದ. ಇವನು ಇಳಿದು ಕುರಿ ಜೊತೆ ನಿಂತ್ಕೊಂಡ. ಕಂಡಕ್ಟರಿಗೆ ಪಿತ್ತ ನೆತ್ತಿಗೇರ್ತು. ನಾನು ಇಳಿ ಅನ್ನೋವರೆಗೂ ಈ ಸೀಟಿಂದ ಮಿಸುಕಾಡಬೇಡ ಅಂತ ಗದರಿ ಕೂರಿಸಿದ.

ಆಯ್ತು, ಬೋರಲಿಂಗ ಮಿಸುಕಾಡಲಿಲ್ಲ. ಮೈಸೂರು ಬಂತು, ಜನ ಎಲ್ಲಾ ಇಳಿದ್ರು. ಕಂಡಕ್ಟರು ಟೀ ಕುಡಿಯೋಕೆ ಹೋದೋನು ಡ್ಯೂಟಿ ಮುಗೀತು ಅಂತ ಹಂಗೇ ಮನೆಗೆ ಹೋದ. ಇಳಿ ಅಂತ ಹೇಳಲಿಲ್ಲ. ಬೇರೆ ಕಂಡಕ್ಟರು ಬಂದ, ಬೇರೆ ಜನ ಹತ್ತಿದ್ರು, ಬಸ್ಸು ಹೊರಡ್ತು. ಬೋರಲಿಂಗ ಕಿಟಕೀಲಿ ನೋಡ್ತಾ ಕೂತ. ಕುರಿ ಬಂದ್ವು, ರೈಲ್ವೆ ಗೇಟು ಬಂತು. ಮೈಸೂರಲ್ಲೂ ಎಲ್ಲಾ ನಮ್ಮ ಕಡೆ ಇದ್ದಂಗೇ ಐತಲ್ಲ ಅಂತ ಅವನಿಗೆ ಖುಷಿಯೋ ಖುಷಿ. ಆಮೇಲೆ ಒಂದು ಕಡೆ ಹೊಸ ಕಂಡಕ್ಟರು ಕೊನೇ ಸ್ಟಾಪು, ಇಳೀರಪ್ಪ ಅಂದ. ಇವನು ಇಳಿದ. ನೋಡ್ತಾನೆ, ಎದುರಿಗೆ ಮನೆ ಜಗಲಿ ಮೇಲೆ ಬಾತ ಕಾಲು ಚಾಚ್ಕೊಂಡು ಹೊಂಬಾಳಮ್ಮ ಕೂತವಳೆ.

"ಅವ್ವ, ಕಾಲು ನೋವು ಇಟ್ಕೊಂಡು ನನಗಿಂತ ಮೊದಲೇ ಮೈಸೂರಿಗೆ ಹೆಂಗೆ ಬಂದೆ?" ಅಂದ.

ಹೊಂಬಾಳಮ್ಮ ಏನು ಮಾಡ್ತಾಳೆ, ಪಾಪ. ನಗಲಾರಳು, ಅಳಲಾರಳು. ಗಂಟೆ ಆಗಲೇ ಒಂಬತ್ತು. ನಿನ್ನ ಹೊಟ್ಟೇಲಿ ಇಟ್ಕೊಂಡಿದ್ದಕ್ಕೆ ನನ್ನ ಹೊಟ್ಟೆ ಉರಿಸ್ತೀಯಲ್ಲೋ, ಅಲ್ಲಿ ನಿಮ್ಮಕ್ಕನ ಮಾನ ಹೋಗ್ತಾ ಐತಲ್ಲೋ ಅಂತ ಬೈದು, ಅದೇ ಬಸ್ಸಿಗೆ ಮತ್ತೆ ಹತ್ತಿಸಿದ್ಲು. ಈ ಸಲ ಬೇರೆ ಬುದ್ಧಿ ಹೇಳಿದ್ಲು. ಮೈಸೂರಲ್ಲಿ ಎಲ್ಲರೂ ಇಳಿದಾಗ ಇಳಿ. ಅಲ್ಲಿಂದ ಸಿಟಿ ಬಸ್ ಸ್ಟಾಂಡಿಗೆ ನಡೀಬೇಕು. ದಾರಿ ತಿಳೀಲಿಲ್ಲ ಅಂದ್ರೆ ಯಾರಾದ್ರೂ ದೊಡ್ಡ ಮನುಷ್ಯರು ಮುಂದೆ ಹೋಗ್ತಿರ್ತಾರಲ್ಲ, ಅವರ ಹಿಂದೆನೇ ಹೋಗು, ಬಿಡಬೇಡ, ಅವರು ಮಾಡಿದಂಗೆ ಮಾಡು.

ಮೈಸೂರಲ್ಲಿ ಎಲ್ಲರೂ ಇಳಿದ್ರು, ಇವನೂ ಇಳಿದ. ಅಲ್ಲೀವರೆಗೂ ಸರಿ. ಮುಂದೆ ಒಬ್ಬರು ದೊಡ್ಡ ಮನುಷ್ಯರು ಹೋಗ್ತಿದ್ರು. ನಿಜವಾಗ್ಲೂ ದೊಡ್ಡೋರೇ, ಹೊಟ್ಟೆ ಇಷ್ಟು ಮುಂದಕ್ಕೆ, ಮೀಸೆ ಇಷ್ಟು ಅಗಲ. ಬೋರಲಿಂಗ ಅವರ ಬೆನ್ನು ಹಿಡಿದ. ಅವರು ನಿಂತ್ರೆ ನಿಂತ, ನಡೆದ್ರೆ ನಡೆದ. ಅವರು ಕೆಮ್ಮಿದ್ರೆ ಇವನೂ ಕೆಮ್ಮಿದ. ಆ ಮನುಷ್ಯರು ಒಂದು ಸಂದಿಗೆ ತಿರುಗಿ ಕ್ಷೌರದಂಗಡಿ ಹೊಕ್ಕು ಕುರ್ಚಿ ಮೇಲೆ ಕೂತ್ರು. ಪಕ್ಕದ ಕುರ್ಚಿ ಖಾಲಿ ಇತ್ತು, ಬೋರಲಿಂಗನೂ ಕೂತ. ನಿಮಗೇನು ಮಾಡಲಿ ಅಂತ ಅಂಗಡಿಯೋನು ಕೇಳಿದ. ಅವರಿಗೇನೋ ನನಗೂ ಅದೇ ಅಂದ ಬೋರಲಿಂಗ.

ಆ ದೊಡ್ಡ ಮನುಷ್ಯರಿಗೆ ಆವತ್ತೇ ಮೀಸೆ ಸಾಕಾಗಿತ್ತು ನೋಡಿ. ಬಿಳಿ ಕೂದಲು ಬರ್ತಾ ಐತೆ, ಪೂರ್ತಿ ತೆಗೆದುಬಿಡು ಅಂದ್ರು. ಅತ್ತ ಒಂದು ಮೀಸೆ ಹೋಯ್ತು, ಇತ್ತ ಒಂದು ಮೀಸೆ ಹೋಯ್ತು. ಊರಲ್ಲಿ ಬೋರಲಿಂಗನಿಗೆ ಇದ್ದ ಒಂದೇ ಒಂದು ಮರ್ಯಾದೆ ಅವನ ಮೀಸೆ, ಅದೂ ಸೋಪಿನ ನೊರೇಲಿ ಸೇರಿ ಹೋಯ್ತು.

ಅಂಗಡಿಯಿಂದ ಎದ್ದು ನಾಲ್ಕು ಹೆಜ್ಜೆ ಇಟ್ಟು ತಿರುಗಿ ನೋಡಿದಾಗ ಆ ಮನುಷ್ಯರಿಗೆ ಗೊತ್ತಾಯ್ತು, ಇವನು ತಮ್ಮ ಬಾಲ ಅಂತ. ರೇಗಿದ್ರು. ಇವನು ಅವ್ವ ಹೇಳಿದ್ದನ್ನ ಹೇಳಿದ ಮೇಲೆ ಸ್ವಲ್ಪ ಮೆತ್ತಗಾದ್ರು. ಸಿಟಿ ಬಸ್ ಸ್ಟಾಂಡಿನ ಬಾಗಿಲವರೆಗೂ ತಾವೇ ಬಿಟ್ಟು ಹೇಳಿದ್ರು, ಅಲ್ಲಪ್ಪ, ದೇವರು ಬಾಯಿ ಕೊಟ್ಟಿಲ್ವಾ, ಕಂಡೋರ ಹಿಂದೆ ಯಾಕೆ ಹೋಗ್ತೀಯ. ಯಾವ ಗಾಡಿ ಬಂದ್ರೂ ಮೊದಲು ಕೇಳು, ಎಲ್ಲಿಗೆ ಹೋಗ್ತದೆ ಅಂತ. ಕೇಳದೆ ಹತ್ತಬೇಡ.

ಬೋರಲಿಂಗನ ಅಕ್ಕನ ಮನೆ ಇದ್ದದ್ದು ಜೋಡಿಬಾವಿ ಬೀದೀಲಿ. ಅವನು ಬಾಯಿ ತೆಗೆದು ಕೇಳೋಕೆ ಶುರು ಮಾಡಿದ. ಆಟೋ ಬಂತು, ಜೋಡಿಬಾವಿಗೆ ಹೋಗ್ತದಾ ಅಂದ. ಟಾಂಗಾ ಬಂತು. ಓಡಿಸೋನು ನಿದ್ದೆ ಮಾಡ್ತಿದ್ದ, ಅದಕ್ಕೆ ಕುದುರೇನೇ ಕೇಳಿದ. ಎಳನೀರು ಗಾಡಿಯೋನ್ನ ಕೇಳಿದ, ಕಸದ ಗಾಡಿಯೋರನ್ನ ಕೇಳಿದ, ಸೈಕಲ್ ಮೇಲೆ ಹಾಲಿನ ಕ್ಯಾನು ತರೋನ್ನ ನಿಲ್ಲಿಸಿ ಕೇಳಿದ. ಇವನು ಕಸದ ಗಾಡಿ ಕೇಳುವಾಗ ಒಂದು ಜೋಡಿಬಾವಿ ಬಸ್ಸು ಹೋಯ್ತು. ಹಾಲಿನೋನ್ನ ಕೇಳುವಾಗ ಇನ್ನೊಂದು ಹೋಯ್ತು. ಗಂಟೆ ಹನ್ನೊಂದಾಗ್ತಾ ಬಂತು.

ಅಲ್ಲೇ ಕಂಬದ ಬುಡದಲ್ಲಿ ಹೂ ಮಾರೋ ಒಬ್ಬ ಹೆಂಗಸು ಕೂತಿದ್ಲು, ಹೆಸರು ಪಾರೋತಮ್ಮ. ಇವನ ಚಂದ ನೋಡಿ ನೋಡಿ ಸಾಕಾಗಿ ಹತ್ರ ಕರೆದ್ಲು. ಎಲ್ಲಿಗೆ, ಏನು, ಎತ್ತ ಅಂತ ಎಲ್ಲಾ ಕೇಳಿದ್ಲು. ನನ್ನ ತೊಡೆಗೆ ಕಾಯ್ತಾ ಇದ್ದಾರೆ, ಹನ್ನೆರಡಕ್ಕೆ ಹೋಗದಿದ್ರೆ ಅಕ್ಕನ ತವರು ಮುಳುಗಿ ಹೋಗ್ತದೆ ಅಂತ ಇವನು ಹೇಳಿದ. ಅವಳೂ ಒಂದು ಮನೆಗೆ ಸೊಸೆಯಾಗಿ ಬಂದೋಳಲ್ವಾ, ಕರುಳು ಚುರುಕ್ ಅಂತು. ಹಿಂಗೆ ಕೇಳ್ತಾ ನಿಂತ್ರೆ ನಿನಗೆ ಈ ಜನ್ಮದಲ್ಲಿ ಸೀಟು ಸಿಗಲ್ಲ ಕಣಪ್ಪ, ಅಗೋ, ಅದೇ ಜೋಡಿಬಾವಿ ಬಸ್ಸು, ಕಿಟಕೀಲಿ ನಿನ್ನ ಟವಲ್ ಎಸಿ, ಟವಲ್ ಬಿತ್ತು ಅಂದ್ರೆ ಸೀಟು ನಿನ್ನದು, ಯಾರೂ ಮುಟ್ಟಲ್ಲ ಅಂದ್ಲು.

ಬೋರಲಿಂಗ ಗುರಿ ಇಟ್ಟು ಎಸೆದ. ಕೆಂಪು ಟವಲ್ ಸೀದಾ ಹೋಗಿ ಸೀಟಿನ ಮೇಲೆ ಹಾಸಿಕೊಂಡು ಬಿತ್ತು. ಜನ ನುಗ್ಗಿದ್ರು, ಕೂತ್ರು, ನಿಂತ್ರು, ನೇತಾಡಿದ್ರು. ಟವಲ್ ಇದ್ದ ಸೀಟನ್ನ ಒಬ್ಬರೂ ಮುಟ್ಟಲಿಲ್ಲ. ಬಸ್ಸು ಹೊರಟುಹೋಯ್ತು. ಬೋರಲಿಂಗ ಕೈ ಕಟ್ಟಿಕೊಂಡು ಹಲ್ಲು ಕಿರಿಯುತ್ತಾ ನಿಂತಿದ್ದ. ನೋಡಮ್ಮ, ನನ್ನ ಸೀಟು ಹೆಂಗೆ ಜುಂ ಅಂತ ಹೋಗ್ತಾ ಐತೆ ಅಂದ.

ಪಾರೋತಮ್ಮ ಹೂವಿನ ಬುಟ್ಟಿ ಕಂಬಕ್ಕೆ ಒರಗಿಸಿ ಎದ್ದಳು. ಇನ್ನು ಮಾತಲ್ಲಿ ಹೇಳಿ ಫಲ ಇಲ್ಲ ಅಂತ ಇವನ ರಟ್ಟೆ ಹಿಡಿದು, ಮುಂದಿನ ಬಸ್ಸಿಗೆ ತಾನೇ ನುಗ್ಗಿ, ಒಂದು ಸೀಟು ಹಿಡಿದು, ಅಲ್ಲಿಗೆ ಒತ್ತಿ ಕೂರಿಸಿದ್ಲು. ಹೋಗಬೇಕಾದ್ದು ಟವಲ್ ಅಲ್ಲ ಕಣಪ್ಪ, ನೀನು ಅಂದ್ಲು. ಕಂಡಕ್ಟರು ಜೋಡಿಬಾವಿ ಅಂತ ಕೂಗಿದಾಗ ಇಳಿಯೋಕೆ ಹೇಳಿದ್ಲು. ತಾನು ಇಳಿಯೋ ಮುಂಚೆ ತಿರುಗಿ ಇನ್ನೊಂದು ಮಾತೂ ಹೇಳಿದ್ಲು. ಸೀಟು ಸಿಕ್ತು ಅಂತ ಕಲ್ಲಿನಂಗೆ ಕೂತ್ಕೋಬೇಡ, ಪಾಪ, ನಿಂತಿರೋರ ಚೀಲ ಗೀಲ ತಗೊಂಡು ತೊಡೆ ಮೇಲೆ ಇಟ್ಕೋ. ಭದ್ರ, ಕೆಳಗೆ ಬೀಳಿಸಬೇಡ, ಕೈ ಬಿಡಬೇಡ.

ನಮ್ಮ ಸಿಟಿ ಬಸ್ಸಲ್ಲಿ ಅದೊಂದು ಒಳ್ಳೇ ಪದ್ಧತಿ. ನಿಂತೋರ ಹೊರೆ ಕೂತೋರ ತೊಡೆಗೆ. ಬೋರಲಿಂಗ ಕೈ ಚಾಚಿದ. ಒಬ್ಬಳು ಹೂಕೋಸಿನ ಚೀಲ ಇಟ್ಟಳು. ಒಬ್ಬಳು ರಿಪೇರಿ ಆದ ಮಿಕ್ಸಿ ಇಟ್ಟಳು. ಒಬ್ಬ ಮುದುಕಪ್ಪ ತನ್ನ ಎದೆಯ ಎಕ್ಸ್‌ರೇ ಕವರು ಕೊಟ್ಟ. ಮತ್ಯಾರೋ ತೆಂಗಿನಕಾಯಿ, ಮತ್ಯಾರೋ ಟಿಫಿನ್ ಕ್ಯಾರಿಯರು, ಮತ್ಯಾರೋ ಕಟ್ಟು ಹಾಕಿಸಿದ ದೇವರ ಪಟ, ಇನ್ನೂ ನಾಲ್ಕು ಜನ ನಾಲ್ಕು ಚೀಲ. ವಾಲಗದೋರು ಇಬ್ಬರು ಹತ್ತಿದ್ರು, ಒಬ್ಬ ಡೋಲು ಕೊಟ್ಟ, ಇನ್ನೊಬ್ಬ ನಾದಸ್ವರದ ಚೀಲ ಕೊಟ್ಟ. ಬೋರಲಿಂಗ ಬೇಡ ಅನ್ನಲಿಲ್ಲ. ಕೊನೆಗೆ ಅವನ ಮುಖವೇ ಕಾಣ್ತಿರಲಿಲ್ಲ, ಡೋಲಿನ ಮೇಲೆ ಎರಡು ಕಣ್ಣು ಮಾತ್ರ. ಇಡೀ ಬಸ್ಸಿಗೆ ಸಮಾಧಾನ. ಎಂಥ ಒಳ್ಳೇ ಹುಡುಗ, ಯಾವ ತಾಯಿ ಹೆತ್ತಳೋ ಅಂತ ಎಲ್ಲರೂ ಹೊಗಳಿದ್ರು. ಹುಟ್ಟಿದಾಗಿಂದ ಅವನನ್ನ ಯಾರೂ ಹಂಗೆ ಅಂದಿರಲಿಲ್ಲ. ಅವನ ಎದೆ ಉಬ್ಬಿಹೋಯ್ತು.

ಕಂಡಕ್ಟರು ಜೋಡಿಬಾವಿ ಅಂತ ಕೂಗಿದ. ಬೋರಲಿಂಗ ಎದ್ದ. ಕೆಳಗೆ ಬೀಳಿಸಬೇಡ ಅಂದಿದ್ಲು, ಬೀಳಿಸಲಿಲ್ಲ. ಕೈ ಬಿಡಬೇಡ ಅಂದಿದ್ಲು, ಬಿಡಲಿಲ್ಲ. ಹೂಕೋಸು, ಮಿಕ್ಸಿ, ಎಕ್ಸ್‌ರೇ, ಕಾಯಿ, ಕ್ಯಾರಿಯರು, ಪಟ, ಡೋಲು, ನಾದಸ್ವರ, ಆ ನಾಲ್ಕು ಚೀಲ, ತನ್ನ ತಂಬಿಟ್ಟಿನ ಡಬ್ಬ, ಎಲ್ಲಾ ತಬ್ಬಿಕೊಂಡು ಇಳಿದೇಬಿಟ್ಟ. ಬಸ್ಸಲ್ಲಿ ಒಂದು ಗಳಿಗೆ ಯಾರಿಗೂ ಏನೂ ಹೊಳೀಲಿಲ್ಲ. ಆಮೇಲೆ ಎಲ್ಲರಿಗೂ ಒಟ್ಟಿಗೆ ಹೊಳೀತು. ದಬದಬ ಇಳಿದು ಇವನ ಹಿಂದೆ ಓಡಿದ್ರು. ಹಿಂದೆ ಓಡ್ತಿರೋರು ಯಾಕೆ ಓಡ್ತಿದ್ದಾರೆ ಅಂತ ಇವನಿಗೇನು ಗೊತ್ತು, ಹನ್ನೆರಡು ಗಂಟೆ ಆಗ್ತಾ ಬಂತು ಅಂತ ಇವನೂ ಓಡಿದ.

ಈಗ ಇತ್ತ ಮನೆ ಕಡೆ ನೋಡಿ. ಹನ್ನೆರಡಕ್ಕೆ ಹತ್ತು ನಿಮಿಷ. ಅಕ್ಕಸಾಲಿ ಕಾಳಾಚಾರಿ ಚಿನ್ನದ ತಂತಿ ಚೂಪು ಮಾಡ್ತಾ ಕೂತಿದ್ದ. ಮರಿಚನ್ನಯ್ಯ ಮಣೆ ಮೇಲೆ ಕೂತು, ಪಂಚೆ ಸರಿ ಮಾಡ್ಕೊಂಡು, ತೊಡೆ ತಟ್ಟಿ ಮಗೂನ ಕೊಡಿ ಅಂತಿದ್ದ. ಚೆಲುವಾಜಿ ಮಗೂನ ಎದೆಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ಲು, ಕಣ್ಣಲ್ಲಿ ಧಾರೆ. ದುಂಡಮ್ಮ ನೆಂಟರ ಮುಂದೆ, ನೋಡಿದ್ರಾ, ತವರಿಂದ ಒಂದು ನೊಣನಾದ್ರೂ ಬಂತಾ ಅಂತಿದ್ಲು.

ಅಷ್ಟರಲ್ಲಿ ಬೀದಿ ತುದೀಲಿ ಗದ್ದಲ. ಮುಂದೆ ಬೋರಲಿಂಗ, ತೋಳು ತುಂಬಾ ಸಾಮಾನು, ಡೋಲು ಸಮೇತ. ಹಿಂದೆ ಹನ್ನೆರಡು ಜನ, ಗಂಡಸರು, ಹೆಂಗಸರು, ಏದುಸಿರು ಬಿಡ್ತಾ. ದುಂಡಮ್ಮ ಒಂದು, ಎರಡು, ಮೂರು ಅಂತ ಎಣಿಸಿ ಎಣಿಸಿ ನಿಲ್ಲಿಸಿಬಿಟ್ಟಳು. ಅವಳ ಬಾಯಿ ಮುಚ್ಚಿದ್ದನ್ನ ಆ ಬೀದಿಯೋರು ಅವತ್ತೇ ನೋಡಿದ್ದು. ತವರಿಂದ ವಾಲಗದೋರನ್ನೂ ಕರ್ಕೊಂಡು ಬಂದವರಲ್ಲವ್ವ ಅಂತ ಪಕ್ಕದ ಮನೆಯೋಳು ಅಂದ್ಲು.

ಆ ಹನ್ನೆರಡು ಜನ ಬೈಯ್ಯೋಣ ಅಂತ ಬಾಯಿ ತೆಗೆದ್ರು, ಉಸಿರು ಸಾಲಲಿಲ್ಲ. ಉಸಿರು ಬರೋ ಹೊತ್ತಿಗೆ ದುಂಡಮ್ಮ ಓಡಿ ಬಂದು, ಬನ್ನಿ ಬೀಗರೇ, ಬಿಸಿಲಲ್ಲಿ ಬಂದಿದ್ದೀರಿ ಅಂತ ಒಬ್ಬೊಬ್ಬರ ಕೈಗೂ ಪಾನಕದ ಲೋಟ ಕೊಟ್ಟಿದ್ಲು. ಒಳಗಿಂದ ಒಬ್ಬಟ್ಟಿನ ವಾಸನೆ ಬರ್ತಿತ್ತು. ಪಾನಕ ಕುಡಿದ ಬಾಯಲ್ಲಿ ಹೆಂಗೆ ಬೈತೀರ. ಹೂಕೋಸಿನೋಳು ಚಾಪೆ ಮೇಲೆ ಕೂತಳು, ಮಿಕ್ಸಿಯೋಳು ಅವಳ ಪಕ್ಕ ಕೂತಳು, ವಾಲಗದೋರು ಅಭ್ಯಾಸದ ಮೇಲೆ ಮೂಲೇಲಿ ಕೂತು ಶ್ರುತಿ ಹಿಡಿದೇಬಿಟ್ರು. ಎಕ್ಸ್‌ರೇ ಮುದುಕಪ್ಪ ಒಬ್ಬನೇ ಬೋರಲಿಂಗನ ಹತ್ರ ಬಂದು ಮೆತ್ತಗೆ ಗದರಿದ. ಲೋ ಮಗಾ, ತೊಡೆ ಮೇಲೆ ಬಂದದ್ದನ್ನ ಯಾರದೋ ಅವರಿಗೆ ಆಗಲೇ ವಾಪಸ್ ಕೊಟ್ಟುಬಿಡಬೇಕು, ಇಟ್ಕೋಬಾರದು ಅಂದ. ಬೋರಲಿಂಗ ಆಗಲಿ ಅಜ್ಜ ಅಂದ.

ಮರಿಚನ್ನಯ್ಯನನ್ನ ಅವನ ಅಕ್ಕ ದುಂಡಮ್ಮನೇ ಏಳಿಸಿದ್ಲು. ಬೋರಲಿಂಗ ಮಣೆ ಮೇಲೆ ಕೂತ. ಚೆಲುವಾಜಿ ಮಗೂನ ತಂದು ತಮ್ಮನ ತೊಡೆ ಮೇಲೆ ಕೂರಿಸಿದ್ಲು. ತಕ್ಷಣ ಇವನು ಮಗೂನ ಎತ್ತಿ, ತಗೋ ಅಕ್ಕ ನಿನ್ನದು ಅಂತ ವಾಪಸ್ ಕೊಟ್ಟ. ಅವಳು ಮತ್ತೆ ಕೂರಿಸಿದ್ಲು, ಇವನು ಮತ್ತೆ ಕೊಟ್ಟ. ಹನ್ನೆರಡಕ್ಕೆ ಮೂರು ನಿಮಿಷ. ಮರಿಚನ್ನಯ್ಯ ಮತ್ತೆ ಪಂಚೆ ಸರಿ ಮಾಡ್ಕೊಂಡ. ದುಂಡಮ್ಮನ ಹುಬ್ಬು ಮೇಲಕ್ಕೆ ಹೋಯ್ತು. ಚೆಲುವಾಜಿ ತಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅವನ ಕೈ ಹಿಡ್ಕೊಂಡಳು.

"ಬೋರ, ಇದು ಬಸ್ಸಲ್ಲ ಕಣಪ್ಪ, ಇವಳು ನಮ್ಮೋಳು. ಬಿಡಬೇಡ. ಇವಳ ಕಿವಿ ಅಂದ್ರೆ ನಿನ್ನದೇ ಕಿವಿ ಅಂತ ತಿಳ್ಕೊಂಡು ಹಿಡ್ಕೋ."

ಬೋರಲಿಂಗ ತಿಳ್ಕೊಂಡ. ಮಗೂನ ಎರಡೂ ಕೈಯಲ್ಲಿ ಅಪ್ಪಿ ಹಿಡ್ಕೊಂಡ. ವಾಲಗ ಶುರುವಾಯ್ತು. ಆ ಸದ್ದಿಗೆ ಮಗು ಕಿಟಾರನೆ ಕಿರುಚಿಕೊಂಡು ಅಳೋಕೆ ಶುರು ಮಾಡ್ತು. ಕಾಳಾಚಾರಿಗೆ ವಯಸ್ಸು ಎಪ್ಪತ್ತಾರು, ಕಣ್ಣಿಗೆ ಸೀಸೆ ತಳದಂಥ ಕನ್ನಡಕ, ಆದ್ರೆ ಕೈ ಮಾತ್ರ ಮಿಂಚು. ಕಿವಿ ಎಲ್ಲಿ ಅಂತ ತಡವಿದ. ಬೋರಲಿಂಗ ಬಗ್ಗಿ, ಇಲ್ಲೈತೆ ಆಚಾರ್ರೇ ಅಂತ ತನ್ನ ಕಿವಿ ಕೊಟ್ಟ. ಚುಚ್ಚಿ, ತಿರುಚಿ, ಮುಗಿಸಿಯೇಬಿಟ್ಟ ಕಾಳಾಚಾರಿ. ಹನ್ನೊಂದು ತಿಂಗಳಿಗೆ ಎಂಥ ಗಟ್ಟಿ ಕಿವಿ ಅಂತ ತಾನೇ ಆಶ್ಚರ್ಯಪಟ್ಟ.

ಮನೆಯೋರೆಲ್ಲ ಅಯ್ಯೋ ಅಂದ್ರು. ಮಗು ಅಳೋದನ್ನ ನಿಲ್ಲಿಸಿ ಮಾವನ ಕಿವೀಲಿ ಹೊಳೀತಿದ್ದ ತಂತಿ ನೋಡ್ತು. ಕೈ ಚಾಚಿ ಮುಟ್ಟಿ ಕಿಲಕಿಲ ನಗೋಕೆ ಶುರು ಮಾಡ್ತು. ಅದು ನಗ್ತಾ ಇರೋವಾಗಲೇ ದುಂಡಮ್ಮ ಕಾಳಾಚಾರಿ ಕೈ ಹಿಡಿದು ಸರಿಯಾದ ಕಿವಿಗೆ ಇಟ್ಟಳು. ಇನ್ನೊಂದು ತಂತಿ ಮಗೂಗೆ ಇಳೀತು. ಮಗೂಗೆ ಚುಚ್ಚಿದ್ದೇ ಗೊತ್ತಾಗಲಿಲ್ಲ, ನಗು ನಿಲ್ಲಲಿಲ್ಲ. ಸರಿಯಾಗಿ ಹನ್ನೆರಡು ಗಂಟೆ.

ದುಂಡಮ್ಮ ಸೊಸೆ ಕಡೆ ತಿರುಗಿದ್ಲು. ಅವಳ ದನಿ ಮೆತ್ತಗಾಗಿತ್ತು. ನನ್ನ ತವರಿಂದ ನನ್ನ ಮಕ್ಕಳಿಗೆ ಬಂದ ಸೋದರಮಾವ ಕಿವಿ ಚುಚ್ಚುವಾಗ ಕಣ್ಣು ಮುಚ್ಕೊಂಡಿದ್ದ, ಇವನು ಮಗೂನ ನೋವಿಗೆ ತನ್ನ ಕಿವೀನೇ ಕೊಟ್ಟ, ಇಂಥ ತವರು ಇರೋಳಿಗೆ ನಾನು ಏನು ಅಂದರೂ ನನಗೇ ಕಡಿಮೆ ಅಂದ್ಲು. ಮರಿಚನ್ನಯ್ಯ ಗೋಡೆ ಕಡೆ ನೋಡಿದ. ಚೆಲುವಾಜಿಗೆ ಅಳು ಬಂತು, ನಗು ಬಂತು, ಹೆಮ್ಮೇಲಿ ತಮ್ಮನ ತಲೆ ಸವರಿದ್ಲು. ಹನ್ನೆರಡು ಜನ ಬೀಗರೂ ಸೊಸೆ ಕಡೆಯೋರಾಗಿ ಚಪ್ಪಾಳೆ ತಟ್ಟಿದ್ರು.

ಕಾಳಾಚಾರಿ ಕನ್ನಡಕ ಒರೆಸಿಕೊಂಡು, ಬೋರಲಿಂಗನ ಕಿವಿಯಿಂದ ತಂತಿ ಬಿಡಿಸಿಕೊಂಡು ಆ ತೂತಿಗೆ ಒಂದು ಬೇವಿನ ಕಡ್ಡಿ ಸಿಕ್ಕಿಸಿದ. ತಂತಿ ಒರೆಸಿ ರೆಡಿ ಮಾಡಿ, ಎಲ್ಲಿ, ಇನ್ನೊಂದು ಕಿವಿ ಕೊಡವ್ವ ಬಂಗಾರಿ ಅಂದ.

ಬೋರಲಿಂಗ ತಲೆ ತಿರುಗಿಸಿ ತನ್ನ ಇನ್ನೊಂದು ಕಿವಿ ಕೊಟ್ಟ.

ಅವನು ಅಲ್ಲಿ ಎರಡು ಕಿವಿಗೂ ಬೇವಿನ ಕಡ್ಡಿ ಸಿಕ್ಕಿಸ್ಕೊಂಡು ಹನ್ನೆರಡು ಜನ ಬೀಗರ ನಡುವೆ ಒಬ್ಬಟ್ಟು ತಿಂತಾ ಕೂತ. ನಾನು ಇಲ್ಲಿ ಬರೀ ಕಿವೀಲಿ, ಬರೀ ಬಾಯಲ್ಲಿ, ನಿಮಗೆ ಕತೆ ಹೇಳ್ತಾ ಕೂತಿದ್ದೀನಿ.